ಮಳೆಯಿಲ್ಲದ ದಿನದ ನೆರೆ

ಅಕ್ಕಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ‘ಚೆನ್ನಾಗಿದ್ದೀನಿ ಅಂತ ಹೇಳು’ ಎಂದು ಗೊಣಗಣ್ಣನ ಹತ್ತಿರ ಒಂದು ಸಾಲು ಹೇಳಿ ಕಳಿಸುತ್ತೀಯ. ಅವನು ಅದಕ್ಕೆ ತನ್ನ ಹತ್ತು ಸಾಲು ಗೊಣಗಾಟ ಸೇರಿಸಿ ನನಗೆ ತಲುಪಿಸುತ್ತಾನೆ. ಕಳೆದ ಮಳೆಗಾಲದಿಂದ ನಮ್ಮಿಬ್ಬರ ನಡುವಿನ ಮಾತೆಲ್ಲ ಹೀಗೇ ನಡೆದಿದೆ. ಗುಡ್ಡದ ಮೇಲಿನ ಕೆರೆಯ ಉಸ್ತುವಾರಿ ನನ್ನದು, ಹಳ್ಳ ಬಯಲಿಗೆ ಇಳಿಯುವಲ್ಲಿರುವ ಕೆಳಗಿನ ಕೆರೆಯದು ನಿನ್ನದು, ನಡುವಿನದು ಅವನದು. ನೀರು ಹರಿಯುವ ದಾರಿಯಲ್ಲಿ ಅವನು ನಮ್ಮ ಮಧ್ಯೆ ಇರುವುದು ಸರಿಯೇ. ಆದರೆ ಮಾತಿನಲ್ಲೂ ಮಧ್ಯೆ ಸಿಕ್ಕಿಹಾಕಿಕೊಂಡು ಅಂಚೆಯವನಾಗಿಬಿಟ್ಟಿದ್ದಾನೆ, ಪಾಪ. ‘ನಿಮ್ಮಿಬ್ಬರ ಸಿಟ್ಟಿಗೆ ನನ್ನ ಬೈಕಿನ ಟೈರು ಸವೀತಿದೆ’ ಎಂದು ಮೊನ್ನೆಯೂ ಅಂದ.

ಅದಕ್ಕೇ ಈ ಸಲ ಬಾಯಿಮಾತು ಬೇಡ ಎಂದು ಬರೆಯಲು ಕುಳಿತಿದ್ದೇನೆ. ಬರುವ ಭಾನುವಾರ ನಿಮ್ಮ ಗುಂಪಿನ ಸಭೆಯಂತೆ. ಮೂರು ಕೆರೆಗಳ ಜಂಟಿ ಸಮಿತಿಯಿಂದ ನೀವು ಹೊರಗೆ ಹೋಗುವ ಠರಾವನ್ನು ನೀನೇ ಮಂಡಿಸುತ್ತೀಯಂತೆ. ಇದನ್ನು ಹೇಳುವಾಗ ಗೊಣಗಣ್ಣ ಗೊಣಗಲಿಲ್ಲ. ಅವನು ಗೊಣಗದೆ ಒಂದು ಸುದ್ದಿ ಹೇಳಿದ್ದು ಇದೇ ಮೊದಲು, ಹಾಗಾಗಿ ನಿಜವೇ ಇರಬೇಕು ಎಂದುಕೊಂಡೆ.

ನಿನ್ನ ಮನಸ್ಸು ಬದಲಾಯಿಸಲು ಬರೆಯುತ್ತಿದ್ದೇನೆ ಎಂದು ತಿಳಿದುಕೊಳ್ಳಬೇಡ. ಬದಲಾಯಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಬೇಸಿಗೆಯಿಡೀ ಹೂಳೆತ್ತಿದ್ದೇನೆ. ಬೆಳಿಗ್ಗೆ ಎದ್ದರೆ ಸೊಂಟ ಮೊದಲು ಏಳುತ್ತದೋ ನಾನೋ ಎಂದು ನಮ್ಮಿಬ್ಬರಿಗೂ ಪೈಪೋಟಿ, ದಿನಾ ಇಬ್ಬರೂ ಸೋಲುತ್ತೇವೆ. ಅದೇ ತಗಡಿನ ಶೆಡ್ಡು, ಅದೇ ಕಾಲು ಅಲ್ಲಾಡುವ ಮೇಜು. ಹೊರಗೆ ಹಗ್ಗದ ಮೇಲೆ ನನ್ನ ಕೆಸರು ಸಾಕ್ಸುಗಳು ಒಣಗುತ್ತಿವೆ. ಊಟದ ಬಿಡುವಿನಲ್ಲಿ ಕೆಲಸದವರು ನೆರಳಿಗೆ ಹೋಗಿದ್ದಾರೆ. ಅವರು ಎದ್ದು ಬರುವುದರೊಳಗೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ, ಉಳಿದದ್ದು ನಾಳೆಯ ಬಿಡುವಿನಲ್ಲಿ. ಅಕ್ಷರ ಎಲ್ಲಾದರೂ ವಾಲಿದ್ದರೆ ಮೇಜಿನ ತಪ್ಪು.

ನಾವು ಚಿಕ್ಕವರಿದ್ದಾಗ ಬಾಡಿಗೆಗಿದ್ದ ಮಹಡಿ ಮನೆ ನೆನಪಿದೆಯಾ? ಅಪ್ಪ ಊರಿನವರ ನಲ್ಲಿಯನ್ನೆಲ್ಲ ರಿಪೇರಿ ಮಾಡುವ ಮನುಷ್ಯ, ನಮ್ಮ ಮನೆಯ ನಲ್ಲಿ ಮಾತ್ರ ಯಾವಾಗಲೂ ಉಸಿರೆಳೆದುಕೊಳ್ಳುತ್ತಾ ನಿಂತಿರುತ್ತಿತ್ತು. ಕೆಳಗಿನ ಮನೆಯ ಅತ್ತೆ ತನ್ನ ನಲ್ಲಿ ತಿರುಗಿಸಿದರೆ ಮೇಲೆ ನಮಗೆ ಒಂದು ತೊಟ್ಟೂ ಬರುತ್ತಿರಲಿಲ್ಲ. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಬೇಕು, ಅತ್ತೆ ಅಂಗಳದಿಂದ ತಲೆ ಎತ್ತಿ ಅದಕ್ಕಿಂತ ಜೋರಾಗಿ ಕೂಗಬೇಕು. ಇಬ್ಬರ ಕೊಡವೂ ಖಾಲಿ, ಬಾಯಿ ಮಾತ್ರ ತುಂಬಿರುತ್ತಿತ್ತು. ಆಗ ನೀನು ಎಷ್ಟು ದೊಡ್ಡವಳು, ಲಂಗದ ಲಾಡಿ ಕಟ್ಟಿಕೊಳ್ಳಲು ಬರುತ್ತಿತ್ತು ಅಷ್ಟೇ. ಅಮ್ಮನ ಹಳೆಯ ಕೆಂಪು ರವಿಕೆಯ ತುಂಡೊಂದನ್ನು ಮೆಟ್ಟಿಲ ಕಂಬಿಗೆ ಕಟ್ಟಿ, ‘ಬಟ್ಟೆ ಕಾಣಿಸಿದರೆ ಮೇಲಿನವರು ಹಿಡೀತಿದ್ದಾರೆ ಅಂತ, ಬಿಚ್ಚಿದರೆ ನಿಮ್ಮ ಸರದಿ’ ಎಂದು ಅತ್ತೆಯ ಹತ್ತಿರ ಹೋಗಿ ಹೇಳಿ ಬಂದೆ. ಯಾರೂ ನಿನ್ನನ್ನು ಕಳಿಸಿರಲಿಲ್ಲ. ಅತ್ತೆ ನಕ್ಕು ಒಪ್ಪಿದಳು. ಅಮ್ಮನಿಗೆ ಮೂರು ದಿನ ಕೂಗಲು ಏನೂ ಸಿಗದೆ ತಲೆನೋವು ಬಂತು ಎಂದು ಅಪ್ಪ ಹೇಳಿಕೊಂಡು ನಗುತ್ತಿದ್ದರು.

ನಾನು ಓದಿದ ಪಾಠದಲ್ಲಿ, ಹೋದ ತರಬೇತಿಗಳಲ್ಲಿ ಜಲಾನಯನದ ಬಗ್ಗೆ ಎಷ್ಟೋ ಹೇಳಿಕೊಟ್ಟರು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಹನಿ ಬಯಲಿನ ಕೆರೆಗೆ ಸೇರುವ ತನಕ ಇರುವ ನೆಲವೆಲ್ಲ ಒಂದೇ ಮನೆ ಎಂದರು. ಕೆಲಸ ನೆತ್ತಿಯಿಂದ ಶುರುವಾಗಿ ಕೆಳಗಿಳಿಯಬೇಕು, ಮೇಲಿನ ಇಳಿಜಾರು ಬೋಳಾಗಿದ್ದರೆ ಕೆಳಗೆ ಎಂಥ ಕೆರೆ ಕಟ್ಟಿದರೂ ಹೂಳಿಗೇ ಕಟ್ಟಿದಂತೆ ಎಂದರು. ಎಲ್ಲ ಸರಿಯೇ. ಆದರೆ ಮೇಲಿನವರು ಏನು ಮಾಡುತ್ತಿದ್ದಾರೆ ಎಂದು ಕೆಳಗಿನವರಿಗೆ ಗೊತ್ತಾಗಬೇಕು ಅನ್ನುವುದನ್ನು ನಾನು ಕಲಿತದ್ದು ನಿನ್ನಿಂದ.

ನಾವು ಮೂವರೂ ಸೇರಿ ಈ ಹಳ್ಳಕ್ಕೆ ಕೈ ಹಾಕಿದಾಗ ಹೇಗಿತ್ತು ಹೇಳು. ಮಳೆ ಬಂದ ದಿನ ಕೆಂಪಗೆ ರೊಚ್ಚಿಗೆದ್ದು ಓಡುತ್ತಿತ್ತು, ಮಾರನೆಯ ವಾರ ಕಲ್ಲು ಕಾಣುತ್ತಿತ್ತು. ಕೆಳಗಿನ ಬಟ್ಟೆ ಒಗೆಯುವ ಹೆಂಗಸರು ಬೇಸಿಗೆ ಬಂದರೆ ಗಂಟುಮೂಟೆ ಹೊತ್ತು ಬೇರೆ ನೀರು ಹುಡುಕಿಕೊಂಡು ಹೋಗುತ್ತಿದ್ದರು. ನಾವು ಇಳಿಜಾರಿಗೆ ಅಡ್ಡಡ್ಡ ಕಾಲುವೆ ತೋಡಿದೆವು, ಕೊರಕಲುಗಳಿಗೆ ಕಲ್ಲಿನ ತಡೆ ಕಟ್ಟಿದೆವು, ಹುಲ್ಲು ಹಚ್ಚಿದೆವು. ಗೊಣಗಣ್ಣ ನಡುವೆ ಹೂಳು ತಡೆಯುವ ಗುಂಡಿಗಳನ್ನು ನೋಡಿಕೊಂಡ. ನೀನೂ ಭಾವನೂ ಕೆಳಗಿನ ಕೆರೆಯ ಏರಿಯ ಆಚೆ ಸಸಿಮಡಿ ಮಾಡಿ ನನ್ನ ಇಳಿಜಾರಿಗೆ ಬೇಕಾದ ಗಿಡ ಬೆಳೆಸಿದಿರಿ. ಗಿಡಕ್ಕೆ ಬೇಕಾದ ನೀರು, ನೆರಳು ನಿಮ್ಮಲ್ಲಿ, ಗಿಡ ಬೇಕಾದ ನೆಲ ನನ್ನಲ್ಲಿ. ಮಳೆಗಾಲದ ಮೊದಲು ಭಾವ ವ್ಯಾನಿನ ಹಿಂದೆ ಸಸಿಗಳ ಜೊತೆ ತಾನೂ ಒಂದು ಸಸಿಯ ಹಾಗೆ ನಿಂತುಕೊಂಡೇ ಬರುತ್ತಿದ್ದ. ‘ನಿನ್ನ ಅಕ್ಕ ಎಣಿಸಿ ಕಳಿಸಿದ್ದಾಳೆ, ಒಂದು ಸತ್ತರೂ ನನಗೆ ಊಟ ಇಲ್ಲ’ ಎನ್ನುತ್ತಿದ್ದ. ಕೆಲವು ವರ್ಷ ಕಳೆಯಿತು. ಒಂದು ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಎಲ್ಲಿಗೂ ಹೋಗಲಿಲ್ಲ. ಹಳ್ಳ ಸಣ್ಣಗೆ ಹರಿಯುತ್ತಲೇ ಇತ್ತು. ಅವತ್ತು ನೀನು ಫೋನಿನಲ್ಲಿ ಏನೂ ಹೇಳದೆ ಬರೀ ಬಟ್ಟೆ ಒಗೆಯುವ ಸದ್ದನ್ನು ನನಗೆ ಕೇಳಿಸಿದೆ. ನಾನು ಇಲ್ಲಿ ಒಬ್ಬಳೇ ಕಣ್ಣೀರು ಹಾಕಿದೆ, ನಿನಗೆ ಹೇಳಲಿಲ್ಲ.

ಈಗ ಆ ದಿನದ ವಿಷಯ. ಬರೆಯದೆ ಬಿಡೋಣ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಆದರೆ ನಡೆದದ್ದೇನು ಎಂದು ನಾವು ಮೂವರೂ ಒಂದು ಕಡೆ ಕುಳಿತು ಸಮಾಧಾನವಾಗಿ ಒಂದು ಸಲವೂ ಮಾತಾಡಿಲ್ಲ. ಕೂಗಾಡಿದ್ದೇವೆ, ಅದು ಬೇರೆ.

ಭಾರಿ ಮಳೆ ಬರುತ್ತದೆ ಎಂದು ಬೆಳಿಗ್ಗೆಯೇ ಎಚ್ಚರಿಕೆ ಬಂದಿತ್ತು. ಮೂವರಿಗೂ ಒಂದೇ ಎಚ್ಚರಿಕೆ, ಮೂವರಿಗೂ ಒಂದೇ ತರಬೇತಿ. ಭಾರಿ ಮಳೆ ಬರುವುದಾದರೆ ಮೊದಲೇ ತೂಬು ತೆರೆದು ಕೆರೆಯ ಮಟ್ಟ ಇಳಿಸಬೇಕು, ಬರುವ ನೀರಿಗೆ ಜಾಗ ಮಾಡಿಕೊಡಬೇಕು. ನನ್ನ ಏರಿಗೆ ಆ ಬೇಸಿಗೆಯಲ್ಲಷ್ಟೇ ಹೊಸ ಮಣ್ಣು ಹಾಕಿದ್ದೆವು, ಇನ್ನೂ ಕೂತಿರಲಿಲ್ಲ. ಅದು ಒಡೆದರೆ ನೇರ ನಿನ್ನ ತಲೆಯ ಮೇಲೆ ಬರುತ್ತದೆ ಎಂಬ ಹೆದರಿಕೆಯಲ್ಲಿ ತೂಬು ತೆರೆದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದವಳು ನೀನೇ.

ಗೊಣಗಣ್ಣ ಹಳ್ಳದ ಬದಿಯಲ್ಲಿ ನಿಂತು ನೋಡಿದ. ನೀರು ಏರುತ್ತಿದೆ. ಅವನ ಆಕಾಶದಲ್ಲಿ ಮೋಡವಿತ್ತು, ಮಳೆಯಿರಲಿಲ್ಲ. ಹಳ್ಳ ನೋಡಿ ಗುಡ್ಡದ ಮೇಲೆ ಏನಾಗುತ್ತಿದೆ ಎಂದು ಹೇಳುವುದರಲ್ಲಿ ಅವನದು ಎತ್ತಿದ ಕೈ, ನಿನಗೆ ಗೊತ್ತಲ್ಲ. ‘ಮೇಲೆ ಹಿಡಿದುಬಿಟ್ಟಿದೆ ಮಳೆ’ ಎಂದು ಅವನು ತೀರ್ಮಾನಿಸಿದ. ಬರುವ ನೀರಿಗೆ ಜಾಗ ಮಾಡಬೇಕು ಎಂದು ತನ್ನ ತೂಬನ್ನು ನನಗಿಂತ ಹೆಚ್ಚು ತೆರೆದ. ಅವನದೂ ನನ್ನದೂ ಸೇರಿ ನಿನ್ನ ಕೆರೆಗೆ ಬಂತು. ನೀನು ಅಷ್ಟು ನೀರು ಅಷ್ಟು ಬೇಗ ಏರುವುದನ್ನು ಹಿಂದೆ ಕಂಡಿರಲಿಲ್ಲ. ಗುಡ್ಡದ ಮೇಲೆ ಮೋಡವೇ ಒಡೆದಿದೆ, ತಂಗಿ ಏನಾದಳೋ ಎಂದುಕೊಂಡೆಯಂತೆ. ನೀನೂ ನಿನ್ನ ತೂಬನ್ನು ಪೂರ್ತಿ ತೆರೆಸಿದೆ. ಮೂರು ಕೆರೆಯ ನೀರು ಒಟ್ಟಿಗೆ ಸೇರಿ ನಿನ್ನ ಏರಿಯ ಆಚೆ ಹೋಯಿತು. ಅಲ್ಲಿ ಸಸಿಮಡಿ ಇತ್ತು, ಅದರಲ್ಲಿ ಭಾವ ಇದ್ದ.

ಒಂದು ಹನಿ ಮಳೆ ಬಿದ್ದಿರಲಿಲ್ಲ ಅಕ್ಕಾ. ಮಧ್ಯಾಹ್ನ ಬಿಸಿಲು ಕೂಡ ಬಂತು. ಹಳ್ಳ ಓದಲು ಬಾರದವರಾಗಿದ್ದರೆ ನಮ್ಮ ಕೈಯಿಂದ ಇಂಥದ್ದು ಆಗುತ್ತಿರಲಿಲ್ಲ. ನಾವು ಓದಿದೆವು, ಚೆನ್ನಾಗಿಯೇ ಓದಿದೆವು, ಒಬ್ಬರು ಬಿಟ್ಟ ನೀರನ್ನು ಇನ್ನೊಬ್ಬರು ಮಳೆ ಎಂದು ಓದಿದೆವು. ಮೂವರಲ್ಲಿ ಒಬ್ಬರು ಫೋನ್ ಮಾಡಿ ‘ನಾನು ಬಿಟ್ಟಿದ್ದೀನಿ’ ಎಂದಿದ್ದರೆ ಮುಗಿದಿತ್ತು. ಯಾರೂ ಮಾಡಲಿಲ್ಲ, ಏಕೆಂದರೆ ಮೂವರಿಗೂ ತಾವು ಮಾಡುತ್ತಿರುವುದು ಸರಿ ಎಂದು ಖಾತ್ರಿ ಇತ್ತು. ಎಲ್ಲಿಗೋ ಹೋದ ಆ ಮಳೆ ನಮ್ಮ ಕಡೆ ಬರಲೇ ಇಲ್ಲ. ಮೂರು ಕೆರೆಯೂ ಖಾಲಿ ಮಾಡಿಕೊಂಡು ಕೂತೆವು.

ಭಾವ ಸಸಿಯ ತಟ್ಟೆಗಳನ್ನು ಎತ್ತಿ ಎತ್ತಿ ಏರಿಯ ಮೇಲಕ್ಕೆ ಇಡುತ್ತಿದ್ದನಂತೆ. ನೆರಳಿನ ಬಲೆ ಕಟ್ಟಿದ ಮರದ ಚೌಕಟ್ಟು ಕಿತ್ತುಕೊಂಡು ಬಂದು ಅವನ ಮೊಣಕಾಲಿಗೆ ಬಡಿಯಿತು. ಆಸ್ಪತ್ರೆಯಲ್ಲಿ ನಾನು ನೋಡಲು ಬಂದಾಗ ಅವನು, ‘ನಿನ್ನ ಗಿಡ ಒಂದಷ್ಟು ಉಳಿಸಿದ್ದೀನಿ, ನಿನ್ನ ಅಕ್ಕನಿಗೆ ಹೇಳು, ಊಟ ಹಾಕ್ಲಿ’ ಎಂದ. ನೀನು ಮಂಚದ ಆ ಕಡೆ ನಿಂತಿದ್ದೆ. ನಗಲಿಲ್ಲ. ನಾನೂ ನಗಲಿಲ್ಲ. ಅವನೊಬ್ಬನೇ ನಕ್ಕು, ನೋವಾಗಿ ಸುಮ್ಮನಾದ.

ಆಮೇಲೆ ಗೊಣಗಣ್ಣನ ಸಾಮಾನು ಕೋಣೆಯಲ್ಲಿ ಸೇರಿದೆವಲ್ಲ, ಗುದ್ದಲಿ ಸಲಿಕೆಗಳ ಮಧ್ಯೆ. ಮಾತಿಗೆ ಮಾತು ಬೆಳೆಯಿತು. ‘ನೀನು ಬಿಟ್ಟ ನೀರು ನನ್ನ ಗಂಡನ ಕಾಲು ಮುರೀತು’ ಎಂದೆ ನೀನು. ‘ನಿನ್ನ ತೂಬು ತೆರೆದದ್ದು ನಾನಾ?’ ಎಂದೆ ನಾನು. ಗೊಣಗಣ್ಣ ‘ನನ್ನ ಕೋಣೇಲಿ ಕೂಗಾಡಬೇಡಿ’ ಎಂದು ನಮ್ಮಿಬ್ಬರಿಗಿಂತ ಜೋರಾಗಿ ಕೂಗಿದ. ನೀನು ಎದ್ದು ಹೋದೆ. ಬಾಗಿಲ ಬಳಿ ತಿರುಗಿ, ‘ಇನ್ನು ನಮ್ಮ ಪಾಡಿಗೆ ನಾವು’ ಅಂದೆ. ಅದು ಸಿಟ್ಟಿನ ಮಾತು, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ. ಅಕ್ಕನ ಸಿಟ್ಟು ನನಗೆ ಹೊಸದಲ್ಲ, ನನ್ನ ಜಡೆ ಎಳೆದೇ ನೀನು ದೊಡ್ಡವಳಾದದ್ದು. ಈ ಸಿಟ್ಟು ಮಾತ್ರ ಇಳಿಯಲಿಲ್ಲ.

ನಮ್ಮ ನಮ್ಮ ಪಾಡಿಗೆ ಇದ್ದ ಈ ವರ್ಷ ಏನಾಯಿತು ಎಂದು ನಿನಗೂ ಕಾಣುತ್ತಿರಬೇಕು. ನನ್ನ ಇಳಿಜಾರಿಗೆ ಗಿಡ ಬರಲಿಲ್ಲ. ನಾವು ತೋಡಿದ್ದ ಗುಂಡಿಗಳು ಬಾಯಿ ತೆರೆದುಕೊಂಡು ಹಾಗೇ ಬಿದ್ದಿದ್ದವು. ಮಳೆಗಾಲದ ಕೊನೆಯಲ್ಲಿ ಬಂದ ನಾಲ್ಕು ಜೋರು ಮಳೆ ಬರೀ ಮಣ್ಣನ್ನು ಕೆಳಗೆ ತಂದಿತು. ನನ್ನ ಕಾಲುವೆಗಳೆಲ್ಲ ಮುಚ್ಚಿಹೋದವು. ಹೂಳಿನ ಗುಂಡಿಗಳು ತುಂಬಿ, ಮಿಕ್ಕ ಮಣ್ಣು ಗೊಣಗಣ್ಣನ ಕೆರೆಗೆ ಹೋಯಿತು. ನಿನ್ನ ಕೆರೆಯ ಮೂಲೆಯಲ್ಲಿ ಹೊಸದಾಗಿ ಒಂದು ದಿಬ್ಬ ಎದ್ದಿದೆಯಂತೆ, ಅದರ ಮೇಲೆ ಕೊಕ್ಕರೆ ನಿಲ್ಲುತ್ತದಂತೆ. ಅದು ನನ್ನ ಗುಡ್ಡದ ಮಣ್ಣು. ಈ ಬೇಸಿಗೆ ಬಟ್ಟೆ ಒಗೆಯುವ ಹೆಂಗಸರು ಮತ್ತೆ ಗಂಟು ಹೊತ್ತು ಹೊರಟರು ಎಂದು ಕೇಳಿ ನನಗೆ ಆದ ಸುಸ್ತು ಯಾವ ಹೂಳೆತ್ತುವ ಕೆಲಸದಿಂದಲೂ ಆಗಿರಲಿಲ್ಲ. ಇಷ್ಟು ವರ್ಷ ದುಡಿದದ್ದು ಒಂದೇ ವರ್ಷದಲ್ಲಿ ಹಿಂದಕ್ಕೆ ಹೋಗುತ್ತದೆ ಎಂದು ಗೊತ್ತಾದಾಗ ಮೈಯಲ್ಲಿ ಎಲುಬೇ ಇಲ್ಲವೇನೋ ಅನ್ನಿಸುತ್ತದೆ.

ಯೋಜನೆಯ ಅಧಿಕಾರಿ ಇಲ್ಲಿಗೂ ಬಂದಿದ್ದರು. ಒಳ್ಳೆಯವರೇ, ನಮ್ಮ ಜಗಳ ನೋಡಿ ಅವರಿಗೂ ಸಾಕಾಗಿದೆ. ‘ಮೂರೂ ಬೇರೆ ಬೇರೆ ಮಾಡಿಬಿಡೋಣ ಬಿಡಿ, ನಿಮ್ಮದು ನಿಮಗೆ, ಅವರದು ಅವರಿಗೆ, ತಲೆನೋವು ಇರಲ್ಲ’ ಎಂದರು. ನಕ್ಷೆಯ ಮೇಲೆ ಬೆರಳಿಟ್ಟು ಎರಡು ಗೆರೆ ಎಳೆದು ತೋರಿಸಿದರು. ಮೂರು ಯೋಜನೆ, ಮೂರು ಫಲಕ, ಉದ್ಘಾಟನೆಗೆ ಮೂರು ಸಲ ಚಹಾ. ನಾನು ತಲೆಯಾಡಿಸಿದೆ. ವಾದ ಮಾಡುವ ಶಕ್ತಿ ಇರಲಿಲ್ಲ, ಒಂದು ಕ್ಷಣ ಅದೇ ವಾಸಿ ಅಂತಲೂ ಅನ್ನಿಸಿತು. ಅವರು ಹೋದ ಮೇಲೆ ನಮ್ಮ ಕಡೆಯ ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಹೋಗಿ ನೋಡಿದೆ. ಹಳ್ಳದ ಮಧ್ಯದಲ್ಲಿ ಬೀಳುತ್ತದೆ. ಅಲ್ಲಿ ಒಂದು ಕಲ್ಲು, ಒಂದಷ್ಟು ಪಾಚಿ. ನೋಡಿ ವಾಪಸ್ ಬಂದೆ.

ಆಗಲೂ ನಾನು ನಿನಗೆ ಬರೆಯುತ್ತಿರಲಿಲ್ಲವೇನೋ. ಬರೆಯುವಂತೆ ಮಾಡಿದ್ದು ಹೋದ ವಾರ ಆದ ಒಂದು ಸಣ್ಣ ಸಂಗತಿ.

ಮಳೆಗಾಲದ ಮೊದಲ ಮೋಡ ಬಂತು. ದೂರದ ಗುಡ್ಡದ ಮೇಲೆ ಸ್ಲೇಟಿನ ಬಣ್ಣ. ನಾನು ಏರಿಯ ಮೇಲೆ ನಮ್ಮ ಗುಂಪಿನ ಗಾರೆಯವಳ ಜೊತೆ ಮಾತಾಡುತ್ತಾ ನಿಂತಿದ್ದೆ. ಈ ವರ್ಷ ಕೆರೆ ತುಂಬಿದ ನೀರು ತಾನಾಗಿ ಹೊರಗೆ ಹೋಗುವ ಕೋಡಿಯನ್ನು ಅಗಲ ಮಾಡಿಸಿದ್ದೇನೆ, ಏರಿಯ ಮಣ್ಣೂ ಗಟ್ಟಿಯಾಗಿದೆ, ಇನ್ನು ಎಂಥ ಮಳೆ ಬಂದರೂ ಏರಿಗೆ ಅಪಾಯವಿಲ್ಲ, ಮೊದಲೇ ತೂಬು ತೆರೆಯುವುದು ಬೇಡ. ಇದನ್ನೇ ಅವಳಿಗೆ ವಿವರಿಸುತ್ತಿದ್ದೆ. ವಿವರಿಸುತ್ತಿದ್ದವಳು ಮೋಡ ನೋಡಿದೆ, ಮಾತು ನಿಲ್ಲಿಸಿದೆ, ನೇರ ತೂಬಿನ ಹತ್ತಿರ ಹೋಗಿ ತಿರುಗಿಸಲು ಹಿಡಿಕೆ ಹಿಡಿದುಕೊಂಡೆ. ‘ಏನ್ ಮಾಡ್ತಿದ್ದೀರ? ಈಗಷ್ಟೇ ಬೇಡ ಅಂದ್ರಲ್ಲ!’ ಎಂದು ಅವಳು ಕೂಗಿದಳು. ನನಗೆ ನನ್ನ ಮೇಲೇ ಭಯವಾಯಿತು ಅಕ್ಕಾ. ಭಾವನ ಕಾಲು, ನಿನ್ನ ಮುಖ, ಖಾಲಿ ಬಿದ್ದ ಗುಂಡಿ, ಎಲ್ಲ ಗೊತ್ತಿದ್ದೂ ನನ್ನ ಕೈ ಅಲ್ಲಿಗೇ ಹೋಯಿತು. ಇನ್ನು ಮೇಲೆ ಹೇಳಿಯೇ ತೆರೆಯುತ್ತೇನೆ ಎಂದು ನಾನು ನಿನಗೆ ಮಾತು ಕೊಡಬಹುದಿತ್ತು, ನಿಜವಾಗಿ ಕೊಡುತ್ತಲೂ ಇದ್ದೆ. ಆದರೆ ಮೋಡ ಕಂಡಾಗ ಯಾವ ಮಾತೂ ನೆನಪಿಗೆ ಬರುವುದಿಲ್ಲ.

ನಮ್ಮ ಮೂರು ತೂಬಿಗೂ ಒಂದೇ ಥರದ ಬಿಚ್ಚಿ ತೆಗೆಯುವ ಕಬ್ಬಿಣದ ಹಿಡಿಕೆ ಇದೆ, ಆದರೆ ಹಲ್ಲುಗಳು ಬೇರೆ ಬೇರೆ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಅವತ್ತೇ ನಾನು ನಮ್ಮದನ್ನು ಬಿಚ್ಚಿಕೊಂಡು ಬಂದೆ. ಮಾರನೆಯ ದಿನ ನಮ್ಮ ಗುಂಪಿನ ಮುಂದೆ ಇಟ್ಟು, ಮಳೆಗಾಲ ಮುಗಿಯುವ ತನಕ ಇದು ಕೆಳಗಿನ ಕೆರೆಯವರ ಹತ್ತಿರ ಇರಲಿ ಎಂದೆ. ನಮ್ಮ ತೂಬು ತೆರೆಯಬೇಕಾದರೆ ಅವರನ್ನು ಕೇಳಬೇಕು, ಅವರು ತಂದುಕೊಡಬೇಕು. ಹಾಗೆಯೇ ನಡುವಿನದು ನಮ್ಮ ಹತ್ತಿರ, ಕೆಳಗಿನದು ನಡುವಿನವರ ಹತ್ತಿರ. ಯಾರೂ ಒಬ್ಬರೇ ನೀರು ಬಿಡುವ ಹಾಗಿಲ್ಲ. ಉಳಿದ ನೀರು ಕೋಡಿಯ ಮೇಲೆ ತಾನಾಗಿ ಹೋಗಲಿ.

ನೀನು ಅಲ್ಲಿದ್ದಿದ್ದರೆ ಆ ಗಲಾಟೆ ಕೇಳಬೇಕಿತ್ತು. ‘ನಮ್ಮ ಮನೆ ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ಮಲಗ್ತೀವಾ?’ ಎಂದರು ಒಬ್ಬರು. ‘ಭಾನುವಾರ ಅವರು ಬೇರೆ ಆಗಿಬಿಟ್ರೆ? ಹಿಡಿಕೆ ಅವರ ಹತ್ತಿರಾನೇ ಉಳಿದ್ರೆ?’ ಎಂದು ಗಾರೆಯವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ‘ಉಳಿದ್ರೆ ಉಳೀಲಿ, ಇನ್ನೊಂದು ಮಾಡಿಸಬೇಕು ಅಂತ ನೀವು ಹೇಳೋ ದಿನ ನಾನು ಈ ಕೆಲಸ ಬಿಟ್ಟು ಮನೆಗೆ ಹೋಗ್ತೀನಿ’ ಎಂದೆ. ಬೆದರಿಕೆಯಂತೆ ಹೇಳಲಿಲ್ಲ, ದಣಿದವರು ಹೇಳುವ ಹಾಗೆ ಹೇಳಿದೆ. ಅದಕ್ಕೇ ನಂಬಿದರು ಅನ್ನಿಸುತ್ತದೆ. ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ಹಾಗಾಗಿ ಭಾನುವಾರ ನಿಮ್ಮ ಸಭೆಯಲ್ಲಿ ಆಗುವುದರ ಮೇಲೆ ನನ್ನ ಕೆಲಸವೂ ನಿಂತಿದೆ. ಇದನ್ನು ನಿನ್ನ ಕನಿಕರಕ್ಕಾಗಿ ಹೇಳುತ್ತಿಲ್ಲ. ಬೇರೆಯವರ ಬಾಯಿಂದ ಕೇಳಿದರೆ ‘ನನಗೇಕೆ ಹೇಳಲಿಲ್ಲ’ ಎಂದು ಅದಕ್ಕೂ ಸಿಟ್ಟಾಗುತ್ತೀಯ.

ಗೊಣಗಣ್ಣನಿಗೆ ಹೇಳಿದಾಗ, ‘ಮೊದಲು ನೀವಿಬ್ರೂ ಮಾಡಿ, ಆಮೇಲೆ ನೋಡ್ತೀನಿ. ನನ್ನ ತೂಬಿನ ಮೇಲೆ ಯಾರ್ಯಾರದೋ ಯಜಮಾನಿಕೆ ಬೇಕಾಗಿಲ್ಲ’ ಎಂದು ಮುಖ ಗಂಟು ಹಾಕಿಕೊಂಡು ಹೋದ. ಇವತ್ತು ಈ ಕಾಗದ ಒಯ್ಯಲು ಬಂದಿದ್ದಾನೆ. ಬರೆದು ಮುಗಿದಿಲ್ಲ, ಕೂತಿರು ಎಂದೆ. ಅವನು ಹೊರಗೆ ಹೋಗಿ ಬೈಕಿನ ಪೆಟ್ಟಿಗೆಯಿಂದ ಗೋಣಿಯಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮೇಜಿನ ಮೇಲೆ ದೊಪ್ಪನೆ ಇಟ್ಟ. ಅವನ ತೂಬಿನ ಹಿಡಿಕೆ. ‘ಗ್ರೀಸ್ ಹಚ್ಚಿದ್ದೀನಿ, ಕಾಗದಕ್ಕೆ ತಾಗಿಸಬೇಡ’ ಎಂದು ಹೇಳಿ ಈಗ ಬಾಗಿಲ ಹೊರಗೆ ಕೂತು ಬಿಸಿಲಿನ ಬಗ್ಗೆ ಗೊಣಗುತ್ತಿದ್ದಾನೆ. ಇಷ್ಟು ದಿನದಲ್ಲಿ ಯಾರಾದರೂ ನನ್ನನ್ನು ನಂಬಿದ್ದು ಇದೇ ಮೊದಲು ಅನ್ನಿಸಿತು.

ನಮ್ಮದನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಭಾರ ಇದೆ, ಒಬ್ಬಳೇ ಎತ್ತಬೇಡ.

ಭಾನುವಾರ ಠರಾವು ಹಾಕುವುದಾದರೆ ಹಾಕು. ನಿನ್ನ ಗಂಡನ ಕಾಲಿಗಿಂತ ದೊಡ್ಡ ಕಾರಣ ನಿನಗೆ ಬೇಕಾಗಿಲ್ಲ, ಅದು ನನಗೆ ಅರ್ಥವಾಗುತ್ತದೆ. ನೀವು ಬೇರೆಯಾದರೂ ಹಿಡಿಕೆಯನ್ನು ಮಾತ್ರ ವಾಪಸ್ ಕಳಿಸಬೇಡ. ಒಂದೇ ಸಮಿತಿ ಇದ್ದರೂ ಮೂರಾದರೂ ನನ್ನ ನೀರು ನಿನ್ನ ಹತ್ತಿರವೇ ಬರಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಅದು ಯಾವಾಗ ಬರಬೇಕು ಎನ್ನುವುದನ್ನು ನೀನೇ ಹೇಳು. ನಿಮ್ಮ ಹಿಡಿಕೆಯನ್ನು ಗೊಣಗಣ್ಣನಿಗೆ ಕೊಡುತ್ತೀಯೋ ಇಲ್ಲವೋ ಅದು ನಿಮ್ಮ ಸಭೆಗೆ ಬಿಟ್ಟದ್ದು. ಕೊಡದಿದ್ದರೂ ನಮ್ಮದು ನಿನ್ನ ಹತ್ತಿರವೇ ಇರಲಿ. ನಾನು ಕೊಟ್ಟದ್ದಕ್ಕೆ ಬದಲಿಗೆ ಏನನ್ನೂ ಕೇಳುತ್ತಿಲ್ಲ.

ಅಲ್ಲ, ಸುಳ್ಳು ಹೇಳಿದೆ. ಕೇಳುತ್ತಿದ್ದೇನೆ. ಭಾವ ಕಳೆದ ಚಳಿಗಾಲದಲ್ಲಿ ಕುಳಿತಲ್ಲಿಂದಲೇ ಮತ್ತೆ ಸಸಿ ಹಾಕಿದ್ದಾನಂತೆ, ಯಾರಿಗೆ ಎಂದು ಕೇಳಿದರೆ ಹೇಳುವುದಿಲ್ಲವಂತೆ. ನನ್ನ ಇಳಿಜಾರಿನಲ್ಲಿ ಗುಂಡಿಗಳನ್ನೆಲ್ಲ ಮತ್ತೆ ಬಿಡಿಸಿಟ್ಟಿದ್ದೇನೆ. ಮೊದಲ ಮಳೆಗೆ ಮಣ್ಣು ಮೆತ್ತಗಾಗುತ್ತದೆ. ವ್ಯಾನು ಬರುವ ದಾರಿಯಲ್ಲಿ ಕೊರಕಲು ಬಿದ್ದಿತ್ತು. ಹೂಳೆತ್ತಿದ ಮಣ್ಣನ್ನೆಲ್ಲ ಅಲ್ಲಿಗೇ ಹಾಕಿಸಿ ಸಮ ಮಾಡಿಸಿದ್ದೇನೆ. ಈಗ ಗಾಡಿ ಶೆಡ್ಡಿನ ಬಾಗಿಲ ತನಕ ಬರುತ್ತದೆ, ಭಾವ ಒಂದು ಹೆಜ್ಜೆಯೂ ಹತ್ತಬೇಕಾಗಿಲ್ಲ. ಅವನಿಗೆಂದು ಕೈಯಿರುವ ಒಂದು ಕುರ್ಚಿಯನ್ನು ನೆರಳಲ್ಲಿ ಹಾಕಿಟ್ಟಿದ್ದೇನೆ, ಅದರಲ್ಲಿ ಇಲ್ಲಿ ಯಾರನ್ನೂ ಕೂರಲು ಬಿಡುತ್ತಿಲ್ಲ.

ನಿನಗೆ ಕುರ್ಚಿ ಇಲ್ಲ. ನೀನು ಬಂದರೆ ಕೂರುವವಳಲ್ಲ, ನಾನು ತೋಡಿದ ಗುಂಡಿ ಸರಿಯಿಲ್ಲ ಎಂದು ಮೊದಲ ಸಾಲಿನಿಂದ ಬಯ್ಯುತ್ತಾ ಹೋಗುತ್ತೀಯ. ಬಾ ಅಕ್ಕಾ, ಬಯ್ಯಿ. ನನಗೆ ಬಹಳ ಸುಸ್ತಾಗಿದೆ.

ಭಾವನ ಕಾಲಿಗೆ ಬಲ ಬರಲಿ, ನಿನ್ನ ಕೆರೆಗೆ ಈ ವರ್ಷ ತಿಳಿನೀರು ಬರಲಿ, ನಿಮ್ಮ ಮನೆ ತಣ್ಣಗಿರಲಿ.

ಗುಡ್ಡದ ಮೇಲಿನಿಂದ,
ನಿನ್ನ ಮಾತಿಗೆ ಕಾದಿರುವ ತಂಗಿ